ಅವ್ವ ಆಡದ ಮಾತು

ಹೈಸ್ಕೂಲಿನ ಸ್ಟಾಪು ಬಂತು, ಬಸ್ಸು ನಿಂತಿತು, ಮತ್ತೆ ಹೊರಟಿತು. ಶಾಯಿಸ್ತಾ ಇಳಿಯಲಿಲ್ಲ. ಬಸವಕಲ್ಯಾಣದಿಂದ ಹುಮನಾಬಾದಿಗೆ ದಿನಾ ಬಂದು ಹೋಗುವ ಆಕೆಯನ್ನು ಕಂಡಕ್ಟರು ಚೆನ್ನಾಗಿ ಬಲ್ಲ. "ಟೀಚರ್, ನಿಮ್ಮ ಸಾಲಿ ಬಂತ್ರಿ" ಎಂದು ಕೂಗಿ ನೋಡಿದ. ಆಕೆ ಮೊಬೈಲಿನಿಂದ ಕಣ್ಣೆತ್ತಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಯಾರೋ ತೀರಿಕೊಂಡ ಸುದ್ದಿ ಬಂದಿರಬೇಕು ಎಂದುಕೊಂಡು ಅವನೂ ಸುಮ್ಮನಾದ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಹತ್ತಿರ ಬಂದು, "ಏನಾತ್ರಿ ಟೀಚರ್? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ರಿ?" ಎಂದು ಕೇಳಿದ.

"ಆರಾಮ ಅದಾರ. ಒಂದು ಸಾಲು ಸಿಗವಲ್ದು, ಅಷ್ಟ" ಎಂದಳು ಶಾಯಿಸ್ತಾ.

ಕಂಡಕ್ಟರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ಒಂದು ಇಂಗ್ಲಿಷ್ ಪಾಠದ ಒಂದು ಸಾಲು ಸಿಗದಿದ್ದರೆ ಒಬ್ಬ ಹೆಂಗಸಿನ ಕೈಕಾಲು ಏಕೆ ತಣ್ಣಗಾಗಬೇಕು ಎಂಬುದು ಅರ್ಥವಾಗಬೇಕಾದರೆ ಶಾಯಿಸ್ತಾ ಎಂಥವಳು ಎಂದು ಮೊದಲು ಗೊತ್ತಿರಬೇಕು.

ಆಕೆ ಕಲ್ಯಾಣದ ಕೋಟೆಯ ಕಡೆಯ ಓಣಿಯೊಂದರಲ್ಲಿ ಹುಟ್ಟಿ ಬೆಳೆದವಳು. ತಂದೆ ಸಲಾವುದ್ದೀನರದು ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಅಂಗಡಿ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಪಕ್ಕದ ಮನೆಯವರ ಜೊತೆ ಮರಾಠಿ. ಇಷ್ಟೆಲ್ಲ ಆದ ಮೇಲೆ ಇಂಗ್ಲಿಷು. ಅದನ್ನು ಎಲ್ಲರ ಹಾಗೆ ಗೈಡ್ ಬಾಯಿಪಾಠ ಮಾಡಿಯೇ ದಾಟಿದ್ದಳು. ಕಲಬುರಗಿಯಲ್ಲಿ ಬಿ.ಎಡ್. ಓದುವಾಗ ಒಬ್ಬ ಉಪನ್ಯಾಸಕಿ ಆಕೆಯ ಪ್ರಬಂಧದ ಅಂಚಿನಲ್ಲಿ "ಇದು ನಿನಗೆ ಹೇಗೆ ಗೊತ್ತು?" ಎಂದು ಬರೆದರು. ಪ್ರತಿ ಪುಟದಲ್ಲೂ ಅದೇ ಪ್ರಶ್ನೆ. ಗೈಡಿನಲ್ಲಿತ್ತು ಎನ್ನಲು ನಾಲಿಗೆ ಬರಲಿಲ್ಲ. ಅವತ್ತು ಹಾಸ್ಟೆಲಿನಲ್ಲಿ ಕೂತು ಆ ಕಥೆಯನ್ನು ಮೊದಲ ಬಾರಿಗೆ ಗೈಡಿಲ್ಲದೆ ಓದಿದಳು.

ಹುಮನಾಬಾದಿನ ಹೈಸ್ಕೂಲಿಗೆ ಇಂಗ್ಲಿಷ್ ಶಿಕ್ಷಕಿಯಾಗಿ ಬಂದ ಮೇಲೆ ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಕಥೆಯ ಬಗ್ಗೆ ಏನು ಬೇಕಾದರೂ ಬರೆಯಿರಿ, ಆದರೆ ಅದಕ್ಕೆ ಕಥೆಯೊಳಗಿನ ಸಾಲು ತೋರಿಸಿ. ಯಾರಾದರೂ ಎದ್ದು "ಈ ತಂದೆ ಭಾಳ ಒಳ್ಳ್ಯಾಂವ ಇದ್ದಾನ್ರಿ" ಎಂದರೆ ತಕ್ಷಣ "ಎಲ್ಲದ?" ಎಂದು ಸಾಲಿನ ಜಾಗ ಕೇಳುತ್ತಿದ್ದಳು. ಮಕ್ಕಳು ಬೆನ್ನ ಹಿಂದೆ ಆಕೆಗೆ "ಎಲ್ಲದ ಟೀಚರ್" ಎಂದೇ ಹೆಸರಿಟ್ಟಿದ್ದರು.

ಪಾಠದ ಜೆರಾಕ್ಸ್ ತೆಗೆಸಿ, ಬೇಕಾದ ಸಾಲುಗಳನ್ನು ಚೀಟಿಗಳಾಗಿ ಕತ್ತರಿಸಿ, ವರಾಂಡದ ನೆಲದ ಮೇಲೆ ಗುಂಪು ಮಾಡಿಸುವುದು ಆಕೆಯ ಪದ್ಧತಿ. ಕಥೆಯ ವ್ಯಕ್ತಿ ಆಡಿದ ಮಾತು ಒಂದು ಕಡೆ, ಮಾಡಿದ ಕೆಲಸ ಒಂದು ಕಡೆ, ಬೇರೆಯವರು ಅವನ ಬಗ್ಗೆ ಅಂದದ್ದು ಇನ್ನೊಂದು ಕಡೆ. ಚೀಟಿ ಹಾರಬಾರದೆಂದು ಮೇಲೆ ಸೀಮೆಸುಣ್ಣದ ತುಂಡು. ಆಮೇಲೆ ಗಟ್ಟಿ ಸಾಕ್ಷಿ ಯಾವುದು, ಜೊಳ್ಳು ಯಾವುದು ಎಂದು ಮಕ್ಕಳೇ ಜಗಳವಾಡಿ ತೀರ್ಮಾನಿಸಬೇಕು. ಜೊಳ್ಳನ್ನು ಬಿಸಾಡಿ, ಉಳಿದವನ್ನು ಒಂದರ ಹಿಂದೆ ಒಂದು ಜೋಡಿಸಿ, ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಪ್ರಬಂಧದ ಕೊನೆಗೆ ಇಟ್ಟುಕೊಳ್ಳಬೇಕು. ಹೆಡ್‌ಮಾಸ್ತರ ಮಚ್ಚೇಂದ್ರ ಸರ್ ಹಾದು ಹೋಗುವಾಗ ನಗುತ್ತಿದ್ದರು: "ಮೇಡಂ, ಇದು ವರಾಂಡಾನೋ, ಭಾಜಿ ಮಂಡಿನೋ?"

ಒಂದು ವಿಷಯದಲ್ಲಿ ಮಾತ್ರ ಆಕೆ ಬಲು ಕಠಿಣ. "ಇನ್ವರ್ಟೆಡ್ ಕಾಮಾ ಹಾಕೂದಂದ್ರ ಆಣಿ ಮಾಡಿದಂಗ. ಅದರೊಳಗ ಇರೋದು ಬರ್ದವರ ಮಾತು. ನಿಮ್ಮದು ಒಂದಕ್ಷರನೂ ಅದರಾಗ ಹೋಗಬಾರ್ದು" ಎಂದು ವರ್ಷವೂ ಮೊದಲ ದಿನವೇ ಹೇಳುತ್ತಿದ್ದಳು.

ಆ ವರ್ಷ ಹತ್ತನೆಯ ತರಗತಿಯಲ್ಲಿ ಇದನ್ನೆಲ್ಲ ಎಲ್ಲರಿಗಿಂತ ಬೇಗ ಹಿಡಿದುಕೊಂಡವಳು ಕಾಜಲ. ದುಬಲಗುಂಡಿಯಿಂದ ಬಸ್ಸಿಗೆ ಬರುವ ಹುಡುಗಿ. ತಾಯಿ ಕಾಂತಾಬಾಯಿ ಕೂಲಿಗೆ ಹೋಗುವವಳು. ಅವಳ ಬಾಯಿ ಊರಿಗೇ ಪ್ರಸಿದ್ಧ. ಪಾಲಕರ ಸಭೆಗೆ ಬಂದರೆ ಮಚ್ಚೇಂದ್ರ ಸರ್ ಮೈಕ್ ಬದಿಗಿಟ್ಟು ಕೂತುಬಿಡುತ್ತಿದ್ದರು.

ಕಲ್ಯಾಣದ ಒಂದು ಸಾಹಿತ್ಯ ಸಂಘ ಸುತ್ತಲಿನ ತಾಲೂಕುಗಳ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಪ್ರಬಂಧ ಸ್ಪರ್ಧೆ ಇಟ್ಟಾಗ ಶಾಯಿಸ್ತಾ ಕಾಜಲಳನ್ನು ಕಳಿಸಿದಳು. ಕಥೆ ಮಕ್ಕಳಿಗೆ ಮೊದಲೇ ಗೊತ್ತು, ಬರೆಯುವುದು ಮಾತ್ರ ಅಲ್ಲೇ ಕೂತು, ಪಾಠ ಮುಂದಿಟ್ಟುಕೊಂಡು. ಆರಿಸಿದ್ದ ಕಥೆಯೂ ಶಾಯಿಸ್ತಾ ಮೊದಲಿನಿಂದ ಪಾಠ ಮಾಡುತ್ತ ಬಂದದ್ದೇ. ಬೆಟ್ಟದೂರಿನ ರೈಲ್ವೆ ಗೇಟಿನ ಕಾವಲುಗಾರ ಡೇನಿಯಲ್. ಅವನ ಮಗಳು ಗ್ರೇಸ್‌ಗೆ ದೂರದ ಪಟ್ಟಣದ ಶಾಲೆಯಲ್ಲಿ ಸೀಟು ಸಿಗುತ್ತದೆ. ಡೇನಿಯಲ್ ಒಲ್ಲೆ ಎನ್ನುತ್ತಾನೆ, ಓದಿದ್ದು ಸಾಕು ಎಂದು ಗದರುತ್ತಾನೆ. ಕೊನೆಗೆ ಮನಸ್ಸು ಕರಗಿ, ತಾನೇ ಟ್ರಂಕು ಹೊತ್ತು ಮಗಳನ್ನು ರೈಲು ಹತ್ತಿಸುತ್ತಾನೆ. ಪ್ರಶ್ನೆ: ತಂದೆಯ ಮನಸ್ಸನ್ನು ಬದಲಿಸಿದ್ದು ಯಾವುದು?

ಕಾಜಲಳಿಗೆ ಮೊದಲ ಬಹುಮಾನ ಬಂತು. ತೀರ್ಪುಗಾರರಾಗಿದ್ದ ಕಾಲೇಜು ಉಪನ್ಯಾಸಕ ಸುಮೇಧ ಸರ್ ತಾವೇ ಫೋನು ಮಾಡಿ, ಇಂಥ ಪ್ರಬಂಧ ಓದೇ ಇಲ್ಲ ಎಂದರು. ಶಾಯಿಸ್ತಾ ಶಾಲೆಗೆಲ್ಲ ಪೇಢೆ ಹಂಚಿದಳು. ಸಮಾರಂಭದ ದಿನ ಕಾಜಲ ಅದನ್ನು ವೇದಿಕೆಯ ಮೇಲೆ ಓದಬೇಕಿತ್ತು. ಓದಿಸಿ ಅಭ್ಯಾಸ ಮಾಡಿಸಲಿ ಎಂದು ಸಂಘದವರು ಹಿಂದಿನ ದಿನ ಅದರ ಫೋಟೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಬಸ್ಸಿನಲ್ಲಿ ಆಕೆ ಓದುತ್ತಿದ್ದದ್ದು ಅದನ್ನೇ.

ಪ್ರಬಂಧ ಚೆನ್ನಾಗಿತ್ತು. ಸಾಕ್ಷಿಗಳು ಮೆಟ್ಟಿಲು ಕಟ್ಟಿದ ಹಾಗೆ ಒಂದರ ಮೇಲೊಂದು ಏರಿದ್ದವು. ಕೊನೆಯ ಸಾಕ್ಷಿಯಾಗಿ ಗ್ರೇಸ್‌ಳ ತಾಯಿ ಗಂಡನಿಗೆ ಹೇಳುವ ಮಾತು: "ನೀವು ಗೇಟು ಹಾಕಬೇಕಾದ್ದು ರೈಲು ಬಂದಾಗ, ಮಗಳು ಹೊರಟಾಗ ಅಲ್ಲ." ಶಾಯಿಸ್ತಾಗೆ ಮೈ ಜುಮ್ಮೆಂದಿತು. ಎಂಥ ಮಾತು! ಮರುಕ್ಷಣವೇ ಆ ಸಾಲಿಗೆ ಮತ್ತೆ ಹೋದಳು. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಈ ಸಾಲು ನನಗೇಕೆ ನೆನಪಿಲ್ಲ?

ಮೊಬೈಲಿನಲ್ಲಿದ್ದ ಪಾಠವನ್ನು ತೆಗೆದು ಮೇಲಿಂದ ಕೆಳಗೆ ನೋಡಿದಳು. ಇಲ್ಲ. ಕೆಳಗಿಂದ ಮೇಲೆ ನೋಡಿದಳು. ಇಲ್ಲ. ಪ್ರಬಂಧದಲ್ಲಿ ತಾಯಿಯ ಬಾಯಿಂದ ಇನ್ನೂ ಎರಡು ಮಾತು ಬಂದಿದ್ದವು. ಅವೂ ಪಾಠದಲ್ಲಿ ಇರಲಿಲ್ಲ. ತಂದೆಯ ಮಾತುಗಳು ಮಾತ್ರ ಅಕ್ಷರ ತಪ್ಪದೆ ಇದ್ದವು. ಸ್ಟಾಪು ದಾಟಿ ಹೋದದ್ದು ಆಗಲೇ.

ಶಾಲೆಗೆ ನಡೆದು ಬಂದವಳೇ ಕಾಜಲಳನ್ನು ಲ್ಯಾಬಿನ ಪಕ್ಕದ ಖಾಲಿ ಕೋಣೆಗೆ ಕರೆದಳು.

"ಕಾಜಲ, ಗೇಟಿಂದು ಬರ್ದೀಯಲ್ಲ, ತಾಯಿ ಮಾತು. ಎಲ್ಲದ ಅದು?"

ಹುಡುಗಿ ನೆಲ ನೋಡಿದಳು. "ಇಲ್ರಿ."

"ಇಲ್ಲಂದ್ರ?"

"ಪಾಠದಾಗ ಇಲ್ರಿ ಟೀಚರ್. ನಾನ ಬರ್ದೀನಿ."

ತಪ್ಪಾಗಿ ಓದಿಕೊಂಡಿರಬಹುದು, ಬೇರೆ ಪುಸ್ತಕದಿಂದ ಬಂದಿರಬಹುದು ಎಂದೆಲ್ಲ ದಾರಿಯುದ್ದಕ್ಕೂ ಶಾಯಿಸ್ತಾ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ಆಕೆ ಮೊಬೈಲಿನ ಫೋಟೋ ಹುಡುಗಿಯ ಮುಂದೆ ಹಿಡಿದಳು.

"ಇನ್ವರ್ಟೆಡ್ ಕಾಮಾ ಹಾಕೀಯಲ್ಲ, ಕಾಜಲ! ನಾ ಏನ ಹೇಳೀನಿ ಅದರ ಬಗ್ಗೆ?"

"ಆಣಿ ಮಾಡಿದಂಗ ಅಂತ ಹೇಳೀರಿ."

"ಮತ್ತ?"

ಕಾಜಲ ಅಳಲಿಲ್ಲ. ಅವಳ ಮುಖದಲ್ಲಿ ಭಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಗೊಂದಲವಿತ್ತು. "ಸಾಕ್ಷಿ ಇಲ್ದ ಮಾತು ಬರೀಬ್ಯಾಡ್ರಿ ಅಂತ ನೀವ ಹೇಳಿದ್ರಿ. ತಾಯಿನೇ ಗಂಡನ ಮನಸ್ಸು ತಿರುಗಿಸ್ಯಾಳಂತ ನನಗ ಖಾತ್ರಿ ಇತ್ತು. ಹಾಲ್‌ನ್ಯಾಗ ಕೂತು ಎಷ್ಟ ಹುಡುಕಿದ್ರೂ ಆಕಿದು ಒಂದ ಮಾತೂ ಸಿಗಲಿಲ್ರಿ. ಅವ್ವ ಆದಾಕಿ ಸುಮ್ಮ ಕೂಡ್ತಾಳೇನ್ರಿ ಟೀಚರ್? ಅಂದಿರಬೇಕು. ಬರ್ದಾಂವ ಬಿಟ್ಟಾನ. ಅದಕ್ಕ ನಾ ಸೇರಿಸ್ದೆ."

ಶಾಯಿಸ್ತಾಗೆ ಹೊಡೆಯಬೇಕೋ, ನಗಬೇಕೋ ತಿಳಿಯಲಿಲ್ಲ. ತಾನು ಕಲಿಸಿದ ನಿಯಮವನ್ನೇ ಹಿಡಿದು ಹುಡುಗಿ ಈ ಹಳ್ಳಕ್ಕೆ ಬಿದ್ದಿದ್ದಳು.

ಮಚ್ಚೇಂದ್ರ ಸರ್‌ಗೆ ವಿಷಯ ಹೇಳಿದಾಗ ಅವರು ಚಹಾ ಕೆಳಗಿಟ್ಟು ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತರು. "ಮೇಡಂ, ತೀರ್ಪು ಕೊಟ್ಟವರಿಗೇ ಗೊತ್ತಾಗಿಲ್ಲ. ನಾಳೆ ಕಾರ್ಯಕ್ರಮ. ಹುಡುಗಿ ಬದುಕು, ಸಾಲಿ ಮರ್ಯಾದಿ, ಎಲ್ಲಾ ನೋಡ್ರಿ. ಇದನ್ನ ಇಲ್ಲಿಗೇ ಬಿಡೂಣು."

ಬಿಟ್ಟುಬಿಡುವುದು ಎಷ್ಟು ಸುಲಭ ಎಂದು ಶಾಯಿಸ್ತಾಗೂ ಅನ್ನಿಸದೆ ಇರಲಿಲ್ಲ. ಆದರೆ ಸಂಜೆ ಮನೆಯಲ್ಲಿ ಗಂಡ ಫಾಜಿಲ್ ತನ್ನ ಮೊಬೈಲು ತಂದು ತೋರಿಸಿದ. ಅವನದು ಬೀಜ-ಗೊಬ್ಬರದ ಅಂಗಡಿ, ಊರ ತುಂಬ ಪರಿಚಯ. ಸಂಘದವರೊಬ್ಬರ ಸ್ಟೇಟಸ್. ಗುಲಾಬಿ ಹೂವಿನ ಚಿತ್ರ, ಅದರ ಮೇಲೆ ಗೇಟಿನ ಮಾತು, ಕೆಳಗೆ ಪಾಠದ ಹೆಸರು. "ನಿನ್ನ ಸಾಲಿ ಹುಡುಗಿ ಪ್ರಬಂಧದಾಗ ತಂದ ಮಾತಂತ. ಮಂದಿ ಎಲ್ಲಾ ಹಾಕ್ಕೊಳ್ಳಾಕತ್ತಾರ" ಎಂದು ಹೆಮ್ಮೆಯಿಂದ ಹೇಳಿದ. ಶಾಯಿಸ್ತಾ ಆ ಗುಲಾಬಿಯನ್ನೇ ನೋಡುತ್ತ ನಿಂತಳು. ಇಲ್ಲದ ಮಾತು ಒಂದು ದಿನದಲ್ಲಿ ಇದ್ದ ಮಾತಾಗಿಬಿಟ್ಟಿತ್ತು. ಆಕೆ ಅಲ್ಲೇ ನಿಂತು ಸುಮೇಧ ಸರ್‌ಗೆ ಫೋನು ಹಚ್ಚಿದಳು.

ಎಲ್ಲ ಕೇಳಿದ ಮೇಲೂ ಆ ಕಡೆಯಿಂದ ಸದ್ದಿಲ್ಲ. "ಹಲೋ ಸರ್, ಕೇಳಿಸ್ತೇನ್ರಿ?"

"ಕೇಳಿಸ್ತರಿ" ಎಂದರು ಸುಮೇಧ. "ಆ ಸಾಲು ಪಾಠದಾಗ ಇಲ್ಲಂತೀರಾ? ಮೇಡಂ, ನಾ ಇವತ್ತು ಅದನ್ನ ಡಿಗ್ರಿ ಹುಡುಗರಿಗೆ ಬೋರ್ಡ್ ಮ್ಯಾಲೆ ಬರ್ದು ವಿವರಿಸಿ ಬಂದೀನಿ."

ರಾತ್ರಿಯೊಳಗೆ ನಿರ್ಧಾರವಾಯಿತು. ಮೊದಲ ಬಹುಮಾನ ಎರಡನೆಯ ಸ್ಥಾನದಲ್ಲಿದ್ದ ಚಿಟಗುಪ್ಪದ ಅಸದ್‌ಗೆ. ಕಾಜಲಳ ಹೆಸರು ಹೇಳುವುದಿಲ್ಲ, ಕಾರಣವನ್ನೂ ಹೇಳುವುದಿಲ್ಲ. ಶಾಯಿಸ್ತಾ ಹುಡುಗಿಗೆ ಫೋನಿನಲ್ಲಿ ತಿಳಿಸಿ, ಮನೆಯಲ್ಲಿ ನೀನೇ ಹೇಳು ಎಂದಳು. ಕಾಜಲ ಹೂಂ ಎಂದಳು.

ಮರುದಿನ ಕಲ್ಯಾಣದ ಸಭಾಂಗಣಕ್ಕೆ ಕಾಲಿಟ್ಟ ಶಾಯಿಸ್ತಾ ಬಾಗಿಲಲ್ಲೇ ನಿಂತುಬಿಟ್ಟಳು. ಮುಂದಿನ ಸಾಲಿನಲ್ಲಿ ಕಾಂತಾಬಾಯಿ ಹೊಸ ಸೀರೆ ಉಟ್ಟು ಕೂತಿದ್ದಳು. ಅಕ್ಕಪಕ್ಕ ದುಬಲಗುಂಡಿಯ ನಾಲ್ಕಾರು ಹೆಂಗಸರು, ಅವರ ನಡುವೆ ತಲೆತಗ್ಗಿಸಿದ ಕಾಜಲ. ಹುಡುಗಿ ಹೇಳಿರಲಿಲ್ಲ. ಹೇಳಲು ಬಾಯಿ ಬಂದಿರಲಿಲ್ಲ.

ಹತ್ತಿರ ಹೋಗಿ ಪಿಸುಗುಟ್ಟುವಷ್ಟರಲ್ಲಿ ಕಾರ್ಯಕ್ರಮ ಶುರುವಾಯಿತು. ಬಹುಮಾನಗಳ ಹೆಸರು ಓದಿದರು. ಅಸದ್ ಮೇಲೆ ಹೋಗಿ ಪ್ರಮಾಣಪತ್ರ ತೆಗೆದುಕೊಂಡ. ಚಪ್ಪಾಳೆ ನಿಂತ ತಕ್ಷಣ ಕಾಂತಾಬಾಯಿ ಎದ್ದಳು. ಅವಳಿಗೆ ಮೈಕು ಬೇಕಿರಲಿಲ್ಲ.

"ಏನ್ರಿ ಸಾಹೇಬ್ರ, ನಮ್ಮ ಕಾಜಲಂದು ಹೆಸ್ರು ಯಾಕ ಬರ್ಲಿಲ್ಲ? ಫಸ್ಟ್ ಬಂದಾಳ ಅಂತ ನೀವ ಸಾಲಿಗೆ ಫೋನ್ ಮಾಡಿ ಹೇಳೀರಿ. ಈಗ ಯಾರ್ದೋ ಹೆಸ್ರು ಕರಿಯಾಕತ್ತೀರಿ. ನಾವೇನು ಕುರಿ ಏನ್ರಿ?"

ಸುಮೇಧ ಮೈಕಿನ ಮುಂದೆ ಬಾಯಿ ತೆರೆದು, ಮುಚ್ಚಿದರು. ಶಾಯಿಸ್ತಾ ಓಡುತ್ತ ಬಂದು ಕಾಂತಾಬಾಯಿಯ ತೋಳು ಹಿಡಿಯುವಷ್ಟರಲ್ಲಿ ಪಕ್ಕದಲ್ಲಿ ಕಾಜಲ ಎದ್ದು ನಿಂತಿದ್ದಳು.

"ಯವ್ವಾ, ಕೂಡು. ನಾ ಸುಳ್ಳ ಬರ್ದಿದ್ದೆ."

ಕಾಂತಾಬಾಯಿ ಮಗಳ ಕಡೆ ತಿರುಗಿದ ರೀತಿ ನೋಡಿ ಶಾಯಿಸ್ತಾ, ಈಗ ಕೈ ಎತ್ತುತ್ತಾಳೆ ಎಂದುಕೊಂಡಳು.

"ಏನ ಸುಳ್ಳ?"

"ಕಥಿಯೊಳಗಿನ ಅವ್ವ ಗಂಡಗ ಬೈದಾಳಂತ ಬರ್ದೆ. ಆಕಿ ಏನೂ ಅಂದೇ ಇಲ್ಲ."

"ಯಾಕ ಬೈಬೇಕು? ಏನ ಮಾಡ್ದ ಆತ?"

"ಮಗಳಿಗಿ ಸಾಲಿ ಸಾಕು ಅಂದ."

"ಅಂದ್ರೂ ಆಕಿ ಏನೂ ಅನ್ಲಿಲ್ಲ?"

"ಇಲ್ಲ."

"ಒಂದ ಮಾತು?"

"ಒಂದೂ ಇಲ್ಲ, ಯವ್ವಾ. ಕಡಿತನಾ ಇಲ್ಲ."

ಕಾಂತಾಬಾಯಿ ಸುತ್ತಲೂ ನೋಡಿದಳು, ವೇದಿಕೆ ನೋಡಿದಳು. ಮಗಳು ಸುಳ್ಳು ಬರೆದದ್ದಕ್ಕಿಂತ ಈ ಸುದ್ದಿಯೇ ಅವಳಿಗೆ ದೊಡ್ಡ ಆಘಾತವಾದ ಹಾಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ಅವಳು ಮೆಲ್ಲಗೆ ಕುರ್ಚಿಯಲ್ಲಿ ಕೂತು, "ಇದ್ಯಾವ ಹೆಣ್ಮಗಳ್ರಿ ಅಕ್ಕೋರ ಇಕಿ" ಎಂದು ಶಾಯಿಸ್ತಾಳನ್ನು ಕೇಳಿದಳು.

ಆ ವಾರವಿಡೀ ಕಾಜಲ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂತಳು. ಮನೆಯಲ್ಲಿ ಬೈಗುಳ ಸಾಕಷ್ಟು ಆಗಿತ್ತಂತೆ, ಸುಳ್ಳು ಬರೆದದ್ದಕ್ಕೂ, ಮುಚ್ಚಿಟ್ಟದ್ದಕ್ಕೂ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಶಾಯಿಸ್ತಾ ಅವಳನ್ನು ಉಳಿಸಿಕೊಂಡು, ಪಾಠದ ಹೊಸ ಜೆರಾಕ್ಸ್, ಕತ್ತರಿ ಮುಂದಿಟ್ಟಳು.

"ನಿನ್ನ ಮಾತು ತಪ್ಪಂತ ನಾ ಅಂದಿಲ್ಲ. ಸಾಕ್ಷಿ ಸುಳ್ಳು ಅಂದೀನಿ. ತಾಯಿ ಚೀಟಿ ಅಷ್ಟ ಕತ್ತರಿಸು. ಖರೇ ಇದ್ದದ್ದು ಏನೇನು ಸಿಗ್ತದ ನೋಡೂಣು."

ಇಷ್ಟು ವರ್ಷ ವರಾಂಡದಲ್ಲಿ ಹರಡಿದ್ದು ಡೇನಿಯಲ್‌ನ ಚೀಟಿಗಳನ್ನೇ. ತಾಯಿಯದನ್ನು ಯಾರೂ ಕತ್ತರಿಸಿರಲಿಲ್ಲ. ಕಾಜಲ ನೆಲದ ಮೇಲೆ ಕೂತು ಒಂದೊಂದೇ ಸಾಲು ಕತ್ತರಿಸತೊಡಗಿದಳು. ಆಡಿದ ಮಾತಿನ ಜಾಗ ಬರಿದಾಗಿಯೇ ಉಳಿಯಿತು. ಬೇರೆಯವರು ಅಂದದ್ದೂ ಇಲ್ಲ. ಕಥೆಯಲ್ಲಿ ಯಾರೂ ಅವಳ ಬಗ್ಗೆ ಏನೂ ಅನ್ನುವುದಿಲ್ಲ. ಮಾಡಿದ ಕೆಲಸದ ಗುಂಪು ಮಾತ್ರ ಬೆಳೆಯುತ್ತ ಹೋಯಿತು. ತಾಯಿ ಮಗಳ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದಳು. ತಾಯಿ ಕಂಬಳಿ ಬಿಸಿಲಿಗೆ ಹಾಕಿದಳು. ತಾಯಿ ಮಂಚದ ಕೆಳಗಿನ ಟ್ರಂಕು ಎಳೆದು, ಮಡಚಿದ ಬಟ್ಟೆಗಳನ್ನು ಒಳಗಿಟ್ಟಳು.

"ಇವನ್ನ ಪಾಠದಾಗ ಬಂದ ವರಸೆಲೇ ಜೋಡಿಸು" ಎಂದಳು ಶಾಯಿಸ್ತಾ.

ಕಾಜಲ ಜೋಡಿಸಿದಳು. ನಡುವೆ ಡೇನಿಯಲ್‌ನ ಎರಡು ಚೀಟಿ ಸೇರಿಸಿದಳು: ಒಲ್ಲೆ ಎಂದದ್ದು, ಕೊನೆಗೆ ಆಯಿತು ಎಂದದ್ದು. ಸೇರಿಸಿದ ಕೈ ಹಾಗೇ ನಿಂತಿತು.

"ಟೀಚರ್, ಇಲ್ಲಿ ನೋಡ್ರಿ. ಅಪ್ಪ ಹೂಂ ಅಂದದ್ದು ಕೊನಿ ಪುಟದಾಗ. ಟ್ರಂಕ್ ತುಂಬಿದ್ದು ಎರಡನೇ ಪುಟದಾಗ. ಆತ ಬೈಯಾಕತ್ತಾಗನೇ ಆಕಿ ಬಟ್ಟಿ ತುಂಬಾಕತ್ತಾಳ್ರಿ!"

ಶಾಯಿಸ್ತಾ ಮೊಣಕಾಲೂರಿ ಕೂತು ನೋಡಿದಳು. ಚೀಟಿಗಳು ಕಾಜಲ ಹೇಳಿದ ಹಾಗೇ ಇದ್ದವು. ಆ ಸಾಲುಗಳು ಆಕೆಗೆ ಬಾಯಿಪಾಠ. ತಂದೆಯ ತ್ಯಾಗ, ತಂದೆಯ ದೊಡ್ಡ ಮನಸ್ಸು ಎಂದು ಎಷ್ಟು ತರಗತಿಗಳಿಗೆ ಬರೆಸಿದ್ದಳೋ! ಟ್ರಂಕು ಹೊತ್ತವನನ್ನೇ ನೋಡಿದ್ದಳು. ಅದು ಆಗಲೇ ತುಂಬಿತ್ತು ಎಂಬುದು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಹೆಂಡತಿ ಬಾಯಿ ಬಿಡದೆ ಎಲ್ಲ ತಯಾರಿ ಮುಗಿಸಿಟ್ಟಿದ್ದಳು. ಗಂಡನಿಗೆ ಉಳಿದದ್ದು ಹೂಂ ಎನ್ನುವುದೊಂದೇ.

"ಬರಿ" ಎಂದಳು ಕೊನೆಗೆ. "ಈಗ ಬರಿ."

ಕಾಜಲ ಪೆನ್ನು ತೆಗೆದವಳು ಮೊದಲ ಸಾಲಿಗೇ ನಿಂತಳು. "ಆಕಿ ಹೆಸರೇನ್ರಿ ಟೀಚರ್?"

ಶಾಯಿಸ್ತಾ ಹೇಳಲು ಬಾಯಿ ತೆರೆದಳು. ಹೆಸರು ಬರಲಿಲ್ಲ. ಇಬ್ಬರೂ ಪಾಠದ ಮೇಲೆ ಬಾಗಿ ಹುಡುಕಿದರು. ತಂದೆಗೆ ಹೆಸರಿತ್ತು, ಮಗಳಿಗಿತ್ತು, ಸ್ಟೇಷನ್ ಮಾಸ್ತರನಿಗಿತ್ತು. ಗೇಟಿನ ಬಳಿ ಮಲಗುವ ನಾಯಿಗೂ ಮೋತಿ ಎಂಬ ಹೆಸರಿತ್ತು. ತಾಯಿಗೆ ಮೊದಲಿನಿಂದ ಕೊನೆಯವರೆಗೆ ಇರಲಿಲ್ಲ. ಶಾಯಿಸ್ತಾ ಹಾಳೆ ಕೆಳಗಿಟ್ಟು ಗೋಡೆಗೆ ಒರಗಿದಳು. ಕಾಜಲ 'ತಾಯಿ' ಎಂದೇ ಬರೆಯತೊಡಗಿದಳು.

ಆ ಎರಡನೆಯ ಪ್ರಬಂಧಕ್ಕೆ ಯಾವ ಬಹುಮಾನವೂ ಬರಲಿಲ್ಲ, ಬರುವ ಪ್ರಶ್ನೆಯೂ ಇರಲಿಲ್ಲ. ಶಾಯಿಸ್ತಾ ಅದನ್ನು ಸುಮೇಧ ಸರ್‌ಗೆ ಕಳಿಸಿದಳು. ಅವರು ಸಂಜೆ ಫೋನು ಮಾಡಿ, "ಮೇಡಂ, ಈ ಸಲ ಬುಕ್ ಮುಂದಿಟ್ಕೊಂಡು ಸಾಲಿಗೆ ಸಾಲು ಬೆರಳಿಟ್ಟು ನೋಡೀನಿ. ಎಲ್ಲಾ ಸಾಲೂ ಅವ" ಎಂದರು. ಸ್ವಲ್ಪ ತಡೆದು, "ನನಗ ನಿದ್ದಿ ಬರ್ಲಾರದಂಗ ಮಾಡ್ಯಾಳ್ರಿ ನಿಮ್ಮ ಹುಡುಗಿ" ಎಂದರು.

ಮಚ್ಚೇಂದ್ರ ಸರ್ ಯಾರಿಗೂ ಹೇಳದೆ ಆ ಪ್ರಬಂಧವನ್ನು ನೋಟಿಸ್ ಬೋರ್ಡಿಗೆ ಹಚ್ಚಿಸಿದರು. ಸೋಮವಾರ ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ, "ಟ್ರಂಕಿನಾಗ ಎತ್ತಿಟ್ಟದ್ದು ಬ್ಯಾಡಾದ ಹಳೇ ಬಟ್ಟಿ ಯಾಕಾಗಬಾರ್ದು?" ಎಂದು ಗೀಚಿದ್ದರು. ಮಧ್ಯಾಹ್ನದ ಹೊತ್ತಿಗೆ ಅದರ ಪಕ್ಕದಲ್ಲಿ ಕಾಜಲಳ ಅಕ್ಷರ: "ಲಂಗದ ಅಂಚು ಉದ್ದ ಮಾಡಿದ್ದು ಓದು. ಬ್ಯಾಡಾದ ಬಟ್ಟಿ ಯಾರು ಉದ್ದ ಮಾಡಿ ಹೊಲೀತಾರ?" ಬುಧವಾರ ಇನ್ನಿಬ್ಬರು ಕೈ ಸೇರಿಸಿದರು, ಒಬ್ಬ ಉರ್ದುವಿನಲ್ಲಿ ಬರೆದ. ಬೋರ್ಡು ಕೊಳೆಯಾಯಿತೆಂದು ಜವಾನ ಒರೆಸಲು ಒದ್ದೆ ಬಟ್ಟೆ ತಂದಾಗ ಶಾಯಿಸ್ತಾ ಅವನನ್ನು ತಡೆದಳು.

"ಇರ್ಲಿ ಬಿಡಪ್ಪ. ಇನ್ನಾ ಜಗಳ ಮುಗ್ದಿಲ್ಲ."